ಹೊಸ ಫೋನು, ಹೊಟ್ಟೆ ತೊಳಸು

ಹೊಸ ಅಮೊಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪರದೆ) ಫೋನಿನಲ್ಲಿ ರಾತ್ರಿ ಬ್ರೈಟ್‌ನೆಸ್ ಇಳಿಸಿದರೆ ಮಾತ್ರ ಹೊಟ್ಟೆ ತೊಳಸ್ತದೆ ಅಂದಿದ್ದೀರಿ. ನನಗೆ ಅನುಮಾನ ಪರದೆಯ ಮಿಣುಕಿನ ಮೇಲೆ. ಇಂಥ ಬಹಳಷ್ಟು ಪರದೆಗಳು ಬೆಳಕು ತಗ್ಗಿಸೋದೇ ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸಿ. ಇಳಿಸಿದಷ್ಟೂ ಆರಿರುವ ಹೊತ್ತು ಹೆಚ್ಚು. ಇನ್ನೊಂದು ಫೋನಿನ ಕ್ಯಾಮೆರಾ ಪ್ರೊ ಮೋಡ್‌ಗೆ (ಸೆಟ್ಟಿಂಗ್ ನಾವೇ ಬದಲಿಸೋ ಬಗೆ) ಹಾಕಿ, ಶಟರ್ ವೇಗ 1/2000 ಸೆಕೆಂಡ್ ಇಟ್ಟು ನಿಮ್ಮ ಪರದೆಯ ಬಿಳಿ ಪುಟ ನೋಡಿ. ದಪ್ಪ ಕಪ್ಪು ಪಟ್ಟೆ ಹರಿದಾಡಿದರೆ ಅದೇ ಕಾರಣ ಇರಬಹುದು. ಬ್ರೈಟ್‌ನೆಸ್ ಅರ್ಧಕ್ಕಿಂತ ಮೇಲಿಟ್ಟು, ಆಂಡ್ರಾಯ್ಡ್‌ನ 'ಎಕ್ಸ್‌ಟ್ರಾ ಡಿಮ್' ಆನ್ ಮಾಡಿ. ಅದು ಮಿಣುಕು ಹೆಚ್ಚಿಸದೆ ಚಿತ್ರವನ್ನಷ್ಟೇ ಮಂಕು ಮಾಡ್ತದೆ. ಕೋಣೆಯ ದೀಪವೂ ಇರಲಿ, ಶಿರಸಿ ಮಳೆಗಾಲದಲ್ಲಿ ಹಗಲೇ ಕತ್ತಲು ಮಾರಾಯ್ರೆ.

ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ, ಬಸ್ಸಲ್ಲಿ ಫೋನು ಓದುವಾಗ ತೊಳಸೋದು ಬೇರೆ ವಿಷಯ: ಒಳಗಿವಿಗೆ ತಿರುವು ಗೊತ್ತಾಗ್ತದೆ, ಕಣ್ಣಿಗೆ ಅಕ್ಷರ ನಿಂತೇ ಇರ್ತದೆ. ಅದಕ್ಕೆ ಸೆಟ್ಟಿಂಗ್ ಇಲ್ಲ, ಫೋನು ಕಿಸೆಗೆ. ಅಕ್ಷರ ಎರಡೆರಡಾಗಿ ಕಂಡರೆ ಕಣ್ಣಿನ ಡಾಕ್ಟರಿಗೆ ತೋರಿಸಿ.