ಆರು ದಿನದ ಟೂರು, ಮೂವತ್ತಾರು ತಿಂಗಳ ಕಂತು

ತುಮಕೂರಿನಲ್ಲಿ ಕುಟುಂಬಗಳ ಹಣಕಾಸು ನೋಡಿಕೊಡುವ ಕೆಲಸ ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ದಸರಾ ರಜೆ ಹತ್ತಿರ ಬಂತು ಅಂದರೆ ಒಂದೇ ಪ್ರಶ್ನೆ ಹತ್ತು ಊರಿಂದ ಬರುತ್ತದೆ: ಫ್ಯಾಮಿಲಿ ಟೂರಿಗೆ ಇಷ್ಟೊಂದು ದುಡ್ಡು ಹಾಕಬಹುದಾ? ಹೋದ ವರ್ಷ ಎರಡು ಸಲ ಉತ್ತರ ಬರೆದಿದ್ದೆ. ಈ ವರ್ಷ ಮತ್ತೆ ಹನ್ನೊಂದು ಪತ್ರ. ಅದರಲ್ಲಿ ನಾಲ್ಕು ಜನ ಸಾಲಕ್ಕೆ ಸಹಿ ಹಾಕಿ ಬಂದ ಮೇಲೆ ನನ್ನನ್ನು ಕೇಳಿದ್ದಾರೆ. ನನಗೆ ಸಿಟ್ಟು ಬರೋದು ಇದಕ್ಕೇ. ಹಾಗಾಗಿ ಈ ಸಲ ಒಂದು ಪತ್ರವನ್ನು ಪೂರ್ತಿ ಬಿಡಿಸಿ ಬರೆಯುತ್ತೇನೆ, ಉಳಿದವಕ್ಕೆ ಒಂದೆರಡು ಸಾಲು ಸಾಕು. ಖರ್ಚು ಬರೆದಿಡುವುದು ಹೇಗೆ, ಆರ್‌ಡಿ (ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿಸುವುದು ಹೇಗೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಕೈಗೆ 52,000 ಸಂಬಳ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಗಳು 9ನೇ ಕ್ಲಾಸು, ಮಗ 5ನೇ ಕ್ಲಾಸು, ಜೊತೆಗೆ ಅಮ್ಮ, 66 ವರ್ಷ, ಮಂಡಿ ನೋವಿದೆ. ಮಗಳ ಕ್ಲಾಸಿನವರೆಲ್ಲ ಫಾರಿನ್ ಹೋಗಿ ಬಂದಿದ್ದಾರೆ, ನಮ್ಮ ಭಾವಮೈದನೂ ಹೋಗಿ ಬಂದ. ಐದು ಜನಕ್ಕೆ ಸಿಂಗಪುರ, ಮಲೇಷ್ಯಾ ಆರು ದಿನದ ಪ್ಯಾಕೇಜ್ 4.8 ಲಕ್ಷ ಹೇಳಿದ್ದಾರೆ. ಉಳಿತಾಯ ಅಂತ ಇರುವುದು 1.8 ಲಕ್ಷ. ಉಳಿದ 3 ಲಕ್ಷಕ್ಕೆ ಬ್ಯಾಂಕಿನವರೇ ಫೋನ್ ಮಾಡಿ ಪರ್ಸನಲ್ ಲೋನ್ ಕೊಡುತ್ತೇವೆ ಅಂದಿದ್ದಾರೆ, 14 ಪರ್ಸೆಂಟ್, ಮೂರು ವರ್ಷ. ಮಕ್ಕಳ ಖುಷಿಗೆ ಬೆಲೆ ಕಟ್ಟೋಕಾಗುತ್ತಾ ಅಂತ ಹೆಂಡತಿ ತಮ್ಮ ಹೇಳುತ್ತಾನೆ. ಹೋಗಬಹುದಾ?

ಉತ್ತರ: ಬೇಡ. ಈ ದುಡ್ಡಲ್ಲಿ, ಈ ದಸರಾಕ್ಕೆ ಖಂಡಿತ ಬೇಡ.

ಮೊದಲು ಲೆಕ್ಕ ನೋಡಿ. 3 ಲಕ್ಷಕ್ಕೆ 14 ಪರ್ಸೆಂಟಿನಂತೆ 36 ತಿಂಗಳಿಗೆ ಕಂತು ಸುಮಾರು 10,250 ಆಗುತ್ತದೆ. ಒಟ್ಟು ಕಟ್ಟುವುದು 3.69 ಲಕ್ಷ. ಬಡ್ಡಿಯೇ 69,000, ಪ್ರೊಸೆಸಿಂಗ್ ಫೀ ಬೇರೆ. ಆದರೆ ನನ್ನನ್ನು ಕಾಡಿದ್ದು ಬಡ್ಡಿ ಅಲ್ಲ, ಆ 36 ತಿಂಗಳು. ನಿಮ್ಮ ಮಗಳು ಈಗ 9ನೇ ಕ್ಲಾಸು. ಅವಳು ಎಸ್ಸೆಸ್ಸೆಲ್ಸಿ ಬರೆಯುವಾಗ, ಪಿಯು ಅಡ್ಮಿಷನ್‌ಗೆ ನೀವು ಕಾಲೇಜಿಂದ ಕಾಲೇಜಿಗೆ ಓಡಾಡುವಾಗ, ಸಿಇಟಿ ಕೋಚಿಂಗ್‌ಗೆ ಫೀ ಕೇಳಿದಾಗ, ಅಷ್ಟೂ ಸಮಯ ಪ್ರತಿ ತಿಂಗಳು 10,250 ಈ ಆರು ದಿನಕ್ಕೆ ಹೋಗುತ್ತಲೇ ಇರುತ್ತದೆ. ಮನೆಯಲ್ಲಿ ಅತಿ ಹೆಚ್ಚು ದುಡ್ಡು ಬೇಕಾಗುವ ಮೂರು ವರ್ಷ ಅದು. ಇದರ ಜೊತೆಗೆ ಇರುವ 1.8 ಲಕ್ಷವನ್ನೂ ಖಾಲಿ ಮಾಡುತ್ತೀರಿ. ನಾಳೆ ಅಮ್ಮನಿಗೆ ಆಸ್ಪತ್ರೆ ಖರ್ಚು ಬಂದರೆ ಇನ್ನೊಂದು ಸಾಲ, ಅಲ್ವಾ?

ಬ್ಯಾಂಕಿನವರು ತಾವಾಗಿ ಫೋನ್ ಮಾಡಿ ಕೊಡುತ್ತೇವೆ ಅಂದರು ಅನ್ನುವುದನ್ನು ಎಷ್ಟೋ ಜನ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಿಮ್ಮ ಸಂಬಳದ ಮೇಲೆ ಅವರಿಗೆ ನಂಬಿಕೆ ಇದೆ ಅಂತ ಮಾತ್ರ ಅದರ ಅರ್ಥ. ಆ ಟೂರು ನಿಮಗೆ ಒಳ್ಳೆಯದೋ ಅಲ್ಲವೋ ಅನ್ನುವುದನ್ನು ಅಲ್ಲಿ ಯಾರೂ ನೋಡಿರುವುದಿಲ್ಲ. ಇನ್ನು ಕೆಲವರು ಟ್ರಾವೆಲ್ ಏಜೆಂಟ್ ಹೇಳಿದ ನೋ ಕಾಸ್ಟ್ ಇಎಂಐ ಹಿಡಿದುಕೊಂಡು ಬರುತ್ತಾರೆ. ಬಡ್ಡಿಯೇ ಇಲ್ಲ ಸಾರ್ ಅಂತಾರೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದು ತಿಳಿಸಿದೆ. ಬಡ್ಡಿಯನ್ನು ಬೆಲೆಯೊಳಗೆ ಸೇರಿಸಿರುತ್ತಾರೆ, ಇಲ್ಲವೇ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ನಿಮಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡಲ್ಲಿ ಹಾಕಿ ಮಿನಿಮಮ್ ಕಟ್ಟುತ್ತಾ ಹೋಗುವವರಿಗೆ ತಿಂಗಳಿಗೆ 3ರಿಂದ 3.75 ಪರ್ಸೆಂಟ್ ಬೀಳುತ್ತದೆ, ವರ್ಷಕ್ಕೆ 36ರಿಂದ 45, ಅದರ ಮೇಲೆ ಜಿಎಸ್‌ಟಿ. ಇದನ್ನು ಇನ್ನೆಷ್ಟು ಸಲ ಬರೆಯಬೇಕೋ ಗೊತ್ತಿಲ್ಲ.

ಹಾಗಂತ ನಾನು ಟೂರೇ ದಂಡ ಅನ್ನುವವರ ಪಕ್ಷ ಅಲ್ಲ. ಆ ಪಕ್ಷದವರ ಪತ್ರಗಳೂ ಬರುತ್ತವೆ. ನಮ್ಮಲ್ಲೇ ದೇವರಾಯನದುರ್ಗ ಇದೆ, ನಾಮದ ಚಿಲುಮೆ ಇದೆ, ಮಧುಗಿರಿ ಬೆಟ್ಟ ಇದೆ, ದುಡ್ಡು ಸುರಿದು ದೂರ ಯಾಕೆ ಹೋಗಬೇಕು ಅಂತ. ದೇವರಾಯನದುರ್ಗ ನನಗೂ ಇಷ್ಟ, ತಿಂಗಳಿಗೊಮ್ಮೆ ಹೋಗುತ್ತೇನೆ. ಆದರೆ ಅದು ಸಮುದ್ರ ಅಲ್ಲ. ಹನ್ನೆರಡು ವರ್ಷದ ಮಗು ಒಂದು ಸಲವೂ ಸಮುದ್ರ ನೋಡಿಲ್ಲ ಅಂದರೆ ತೋರಿಸಬೇಕು, ಅದಕ್ಕೆ ದುಡ್ಡು ಖರ್ಚು ಮಾಡಬೇಕು. ಸೈಟಿಗೆ, ಒಡವೆಗೆ, ಮದುವೆ ಛತ್ರಕ್ಕೆ ಲಕ್ಷಗಟ್ಟಲೆ ಹಾಕುವ ಮನೆಯಲ್ಲಿ ಮಕ್ಕಳ ಜೊತೆ ನಾಲ್ಕು ದಿನ ಹೊರಗೆ ಇರೋಕೆ ಮಾತ್ರ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬೇಸರವಾಗಿದ್ದು ಬೇರೆಯೇ. ಮಗಳ ಕ್ಲಾಸಿನವರು ಎಲ್ಲಿ ಹೋದರು ಅಂತ ಬರೆದಿದ್ದೀರಿ. ಭಾವಮೈದ ಎಲ್ಲಿ ಹೋದ ಅಂತ ಬರೆದಿದ್ದೀರಿ. ನಿಮ್ಮ ಹೆಂಡತಿಗೆ ಎಲ್ಲಿಗೆ ಹೋಗೋ ಆಸೆ ಇದೆ ಅಂತ ಒಂದು ಸಾಲೂ ಇಲ್ಲ. ಮಂಡಿ ನೋವಿರುವ ಅಮ್ಮ ಏರ್‌ಪೋರ್ಟುಗಳಲ್ಲಿ, ಥೀಮ್ ಪಾರ್ಕುಗಳಲ್ಲಿ ಆರು ದಿನ ಹೇಗೆ ನಡೆಯುತ್ತಾರೆ ಅಂತಲೂ ಇಲ್ಲ.

ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತೆ. 2009ರಲ್ಲಿ ನಾವು ಒಂಬತ್ತು ಜನ ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ ಅಂತ ಮೂರು ದಿನ ಸುತ್ತಿದೆವು. ಹೋಟೆಲ್ ಖರ್ಚು ಉಳಿಯಲಿ ಅಂತ ಅಮ್ಮ ಹಿಂದಿನ ರಾತ್ರಿ ಒಂದು ಗಂಟೆವರೆಗೆ ಚಪಾತಿ ಲಟ್ಟಿಸಿದರು, ಪುಳಿಯೋಗರೆ ಗೊಜ್ಜು ಕಲಸಿದರು. ಎರಡನೇ ರೂಮು ದಂಡ ಅಂತ ಒಂದೇ ರೂಮಲ್ಲಿ ಎಲ್ಲರೂ ಮಲಗಿದೆವು, ಅಮ್ಮ ಬಾಗಿಲ ಹತ್ತಿರ ಚಾಪೆ ಮೇಲೆ. ಘಾಟಿಯಲ್ಲಿ ನನ್ನ ತಂಗಿ ಮಗು ವಾಂತಿ ಮಾಡಿಕೊಂಡರೆ ಆ ಬಟ್ಟೆ ಒಗೆದಿದ್ದೂ ಅವರೇ. ವಾಪಸ್ ಬಂದು ಕೂತ ಮೇಲೆ, 'ಮನೇಲೇ ಇದ್ದಿದ್ರೆ ಇದಕ್ಕಿಂತ ಆರಾಮಾಗಿರ್ತಿದ್ದೆ ಕಣೋ' ಅಂದರು. ಅವತ್ತು ನಾವು ಉಳಿಸಿದ್ದು ಹೆಚ್ಚೆಂದರೆ ನಾಲ್ಕು ಸಾವಿರ. ಆ ಟೂರಿನಲ್ಲಿ ಖರ್ಚು ಮಾಡಲೇಬೇಕಿದ್ದ ದುಡ್ಡು ಅಂದರೆ ಅದೊಂದೇ ಆಗಿತ್ತು, ಅದನ್ನೇ ನಾನು ಉಳಿಸಿದೆ. ಇವತ್ತಿಗೂ ಅದು ಚುಚ್ಚುತ್ತದೆ.

ಅವತ್ತಿಂದ ಯಾರು ಟೂರಿನ ಬಜೆಟ್ ತಂದರೂ ನಾನು ಜಾಗದ ಹೆಸರು ನೋಡುವುದಿಲ್ಲ. ಮನೆಯಲ್ಲಿ ವರ್ಷವಿಡೀ ಪುರುಸೊತ್ತಿಲ್ಲದವರು ಯಾರು, ಈ ದುಡ್ಡಲ್ಲಿ ಅವರ ಸುಸ್ತು ಎಷ್ಟು ಕಡಿಮೆಯಾಗುತ್ತದೆ ಅಂತ ನೋಡುತ್ತೇನೆ. ಇನ್ನೊಂದು ರೂಮು, ಲಿಫ್ಟ್ ಇರುವ ಹೋಟೆಲ್, ರಾತ್ರಿ ಬಸ್ಸಿನ ಬದಲು ಎಸಿ ಕೋಚಿನ ಕೆಳಗಿನ ಬರ್ತು, ಸ್ಟೇಷನ್ನಿಂದ ಕಾರು, ಮೂರು ಹೊತ್ತು ಬೇರೆಯವರು ಮಾಡಿ ಬಡಿಸಿದ ಊಟ, ಮಧ್ಯದಲ್ಲಿ ಎಲ್ಲೂ ಹೋಗದೆ ಸುಮ್ನೆ ಮಲಗುವ ಒಂದು ದಿನ. ಇವಕ್ಕೆ ಹಾಕಿದ ದುಡ್ಡು ನಷ್ಟ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆರು ದಿನದಲ್ಲಿ ಎರಡು ದೇಶ, ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು ಹತ್ತು, ಫೋಟೋ ತೆಗೆ, ಇಳಿ, ಮತ್ತೆ ಹತ್ತು ಅನ್ನುವ ಪ್ಯಾಕೇಜಿಗೆ ಹಾಕಿದ್ದು ಬಹಳ ಸಲ ನಷ್ಟವೇ.

2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 1,530 ಜನರನ್ನು ಕೇಳಿ ಮಾಡಿದ ಅಧ್ಯಯನ ಪ್ರಕಟಿಸಿದರು. ರಜೆಗೆ ಹೊರಡುವವರು ಹೋಗುವ ಮುಂಚೆಯೇ ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಬಂದ ಮೇಲೆ ಹೋದವರಿಗೂ ಹೋಗದವರಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ. ತುಂಬಾ ಆರಾಮಾಗಿ ರಜೆ ಕಳೆದವರಲ್ಲಿ ಮಾತ್ರ ಸ್ವಲ್ಪ ದಿನ ಆ ಖುಷಿ ಉಳಿದಿತ್ತು. ನಾನು ಇಷ್ಟು ವರ್ಷ ತುಮಕೂರಿನ ಮನೆಗಳಲ್ಲಿ ನೋಡಿದ್ದೂ ಇದನ್ನೇ. ಕ್ಯಾಲೆಂಡರ್ ಮೇಲೆ ಗುರುತು ಹಾಕಿ ದಿನ ಎಣಿಸುವ ಮಗು ಆರು ತಿಂಗಳು ಖುಷಿಯಾಗಿರುತ್ತದೆ. ಸಾಲ ಮಾಡಿದವರು ಈ ವಾರ ಬುಕ್ ಮಾಡಿ ಮುಂದಿನ ವಾರ ಹೊರಡುತ್ತಾರೆ. ಕಾಯುವ ಖುಷಿಯೂ ಹೋಯಿತು, ಬಂದ ಮೇಲೆ ಕಂತು.

ಹಾಗಾಗಿ ನಿಮಗೆ ನಾನು ಹೇಳುವುದು ಇಷ್ಟು. 10,250 ಕಂತು ಕಟ್ಟುವ ತಾಕತ್ತು ಇದೆ ಅಂತ ನೀವೇ ಬರೆದಂತಾಯಿತು. ಅದನ್ನೇ ಈ ತಿಂಗಳಿಂದ ಆರ್‌ಡಿಗೆ ಹಾಕಿ. ಹತ್ತು ತಿಂಗಳಿಗೆ ಒಂದು ಲಕ್ಷ ದಾಟುತ್ತದೆ. 1.8 ಲಕ್ಷವನ್ನು ಮುಟ್ಟಬೇಡಿ, ಅದು ಮನೆಯ ಆಪತ್ತಿಗೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ಸಂಬಳದಷ್ಟು ಟೂರಿಗೆ, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಲೆಕ್ಕ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನಾನು ಸ್ವಲ್ಪ ಹೆದರುವ ಸ್ವಭಾವದವನು, ಕಂತಿನಲ್ಲಿ ಮುಳುಗಿದ ಮನೆಗಳನ್ನು ಜಾಸ್ತಿ ನೋಡಿದ್ದೇನೆ. ಒಂದು ಲಕ್ಷದಲ್ಲಿ ಐದು ಜನ ರಾಮೇಶ್ವರ, ಕನ್ಯಾಕುಮಾರಿ ಕಡೆ ರೈಲಿನಲ್ಲಿ ಹೋಗಿ, ಎರಡು ರೂಮು ಮಾಡಿಕೊಂಡು ನಿಧಾನವಾಗಿ ನೋಡಿಕೊಂಡು ಬರಬಹುದು. ಅಮ್ಮನೂ ಬರಬಹುದು. ರೈಲಿನ ರಿಸರ್ವೇಷನ್ ಈಗ 60 ದಿನ ಮುಂಚೆ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಬುಕ್ ಮಾಡುವಾಗ ಅಮ್ಮನ ವಯಸ್ಸು ಸರಿಯಾಗಿ ಹಾಕಿ, ಕೆಳಗಿನ ಬರ್ತು ಕೇಳಿ. ಮಗಳಿಗೆ ಸಿಂಗಪುರವೇ ಬೇಕು ಅಂದರೆ ಅವಳನ್ನೇ ಕೂರಿಸಿಕೊಂಡು ಈ ಮೂವತ್ತಾರು ಕಂತಿನ ಲೆಕ್ಕ ತೋರಿಸಿ. 9ನೇ ಕ್ಲಾಸಿನ ಮಕ್ಕಳಿಗೆ ಬಡ್ಡಿ ಲೆಕ್ಕ ಬರುತ್ತದೆ.

ಇನ್ನು ಉಳಿದವರು.

ಮನೆಯಲ್ಲಿ ಚಿನ್ನ ಸುಮ್ನೆ ಬಿದ್ದಿದೆ, ಅಡ ಇಟ್ಟು ಗೋವಾಕ್ಕೆ ಹೋಗಬಹುದಾ? (ತಿಪಟೂರು) ಬೇಡ. ಚಿನ್ನ ಸುಮ್ನೆ ಬಿದ್ದಿಲ್ಲ, ಕೊಬ್ಬರಿ ರೇಟು ಬಿದ್ದ ವರ್ಷ ಅದೇ ನಿಮ್ಮನ್ನು ಕಾಯುವುದು.

ಲಕ್ಕಿ ಡ್ರಾ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬಂದರೆ ಗಿಫ್ಟ್, 25 ವರ್ಷದ ಹಾಲಿಡೇ ಮೆಂಬರ್‌ಶಿಪ್ ಅರ್ಧ ಬೆಲೆಗೆ ಅಂತಾರೆ. (ತುಮಕೂರು) ಹೋಗಲೇಬೇಡಿ. ಇಬ್ಬರನ್ನೂ ಒಟ್ಟಿಗೆ ಕರೆಯುವುದೇ ಮನೆಗೆ ಹೋಗಿ ಕೇಳಿ ಹೇಳುತ್ತೇನೆ ಅನ್ನೋಕೆ ಆಗಬಾರದು ಅಂತ. ಮೂರು ಗಂಟೆ ಕೂರಿಸಿ, ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬೆಲೆ ಅಂತಾರೆ. ವರ್ಷ ವರ್ಷ ಮೇಂಟೆನೆನ್ಸ್ ಬೇರೆ ಕಟ್ಟಬೇಕು, ನೀವು ಹೋದರೂ ಹೋಗದಿದ್ದರೂ. ಮಕ್ಕಳ ರಜೆಯಲ್ಲಿ ಕೇಳಿದರೆ ರೂಮು ಖಾಲಿ ಇಲ್ಲ ಅನ್ನುವ ದೂರು ಹೊತ್ತು ನನ್ನ ಹತ್ತಿರ ಬಂದವರು ಒಬ್ಬಿಬ್ಬರಲ್ಲ. ಆಗಲೇ ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಟೂರ್ ಚೀಟಿ ನಡೆಸುತ್ತಾರೆ, ತಿಂಗಳಿಗೆ 1,500. (ಪಾವಗಡ) 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದೆಯಾ ಕೇಳಿ. ಮುಖ ನೋಡಿ ದುಡ್ಡು ಕೊಡಬೇಡಿ.

ಕೇದಾರಕ್ಕೆ ಹೆಲಿಕಾಪ್ಟರ್ ಟಿಕೆಟ್ ಕೊಡಿಸುತ್ತೇನೆ ಅಂತ ವಾಟ್ಸಾಪಲ್ಲಿ ಒಬ್ಬ ಅರ್ಧ ಅಡ್ವಾನ್ಸ್ ಕೇಳುತ್ತಿದ್ದಾನೆ. (ಶಿರಾ) ಕಳ್ಳ. ಆ ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ವೆಬ್‌ಸೈಟಿನಲ್ಲಿ ಮಾತ್ರ. ದುಡ್ಡು ಹಾಕಿಬಿಟ್ಟಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಮುಂದೆ ಓದಿ.

ಟೊಮೆಟೊಗೆ ಈ ಸಲ ಒಳ್ಳೇ ರೇಟು ಸಿಕ್ಕಿತು, 3 ಲಕ್ಷ ಜಾಸ್ತಿ ಬಂದಿದೆ, ಕಾಶ್ಮೀರಕ್ಕೆ ಹೋಗೋಣ ಅಂತ ಮಕ್ಕಳು. (ಶ್ರೀನಿವಾಸಪುರ) 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2,000 ದಾಟಿತ್ತು, ಸೆಪ್ಟೆಂಬರ್ ಹೊತ್ತಿಗೆ ನೆಲ ಕಚ್ಚಿತ್ತು. ನನಗಿಂತ ನಿಮಗೇ ಚೆನ್ನಾಗಿ ನೆನಪಿರುತ್ತದೆ. ಬೆಳೆ ಸಾಲ ತೀರಿಸಿ, ಮುಂದಿನ ಬೆಳೆಯ ಸಸಿ, ಗೊಬ್ಬರ, ಡ್ರಿಪ್ಪಿಗೆ ಬೇಕಾದ್ದು ತೆಗೆದಿಡಿ. ಅದಾದ ಮೇಲೂ ಉಳಿದರೆ ಹೋಗಿ, ಚೆನ್ನಾಗಿ ಖರ್ಚು ಮಾಡಿ ಬನ್ನಿ.

ಎಲ್‌ಟಿಎ (ತೆರಿಗೆ ವಿನಾಯಿತಿ ಇರುವ, ಕಂಪನಿ ಕೊಡುವ ರಜೆ ಪ್ರಯಾಣ ಭತ್ಯೆ) ಬಿಲ್ಲಿನಲ್ಲಿ ಹೋಟೆಲು ಊಟ ಹಾಕಬಹುದಾ? ಇಲ್ಲ. ಪ್ರಯಾಣದ ಟಿಕೆಟ್ ಮಾತ್ರ, ದೇಶದೊಳಗೆ ಮಾತ್ರ, ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಸುಳ್ಳು ಬಿಲ್ ಮಾಡಿಕೊಡುವವನು ನೋಟಿಸ್ ಬಂದಾಗ ನಿಮ್ಮ ಜೊತೆ ಬರುವುದಿಲ್ಲ.

ಎರಡು ವರ್ಷದ ಮಗುವಿಗೆ ಏನೂ ನೆನಪಿರಲ್ಲ, ಯಾಕೆ ಕರೆದುಕೊಂಡು ಹೋಗಬೇಕು? ನೆನಪಿರಲ್ಲ, ನಿಜ. ದೊಡ್ಡವರಿಗೆ ಉಳಿಯುವ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರು ಮೂರೂವರೆ ವರ್ಷದಿಂದ ಈಚಿನದು. ಮಗುವಿಗಾಗಿ ಅಂತ ದೊಡ್ಡ ಖರ್ಚು ಮಾಡಬೇಡಿ. ನಿಮಗೆ ಸುಸ್ತಾಗಿದ್ದರೆ ನಿಮಗಾಗಿ ಹೋಗಿ.

ಗಂಡ ಟೂರು ದಂಡ ಅಂತಾರೆ. ಸಂಘದ ಸಾಲ ಅಲ್ಲ, ಹಾಲಿನ ದುಡ್ಡಲ್ಲಿ ಎರಡು ವರ್ಷದಿಂದ 38,000 ಕೂಡಿಟ್ಟಿದ್ದೇನೆ. ಮಕ್ಕಳಿಬ್ಬರೂ ಸಮುದ್ರ ನೋಡಿಲ್ಲ, ನಾನೂ ನೋಡಿಲ್ಲ. ತಪ್ಪಾ? (ಗುಬ್ಬಿ) ತಪ್ಪಲ್ಲ ತಾಯಿ. ಬಂದ ಹನ್ನೊಂದು ಪತ್ರದಲ್ಲಿ ಯೋಚನೆಯೇ ಮಾಡದೆ ಹೌದು ಅಂತ ಹೇಳೋಕೆ ಆಗಿದ್ದು ಇದೊಂದಕ್ಕೇ. ದಸರಾ ರಜೆಯಲ್ಲಿ ಹೋಗಿ, ಅಷ್ಟೊತ್ತಿಗೆ ಕರಾವಳಿಯಲ್ಲಿ ಮಳೆ ಕಡಿಮೆಯಾಗಿರುತ್ತದೆ. ಮುರುಡೇಶ್ವರ, ಗೋಕರ್ಣ ಸಾಕು. ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿಮಗೆ, ಮಗಳಿದ್ದರೆ ಅವಳಿಗೂ, ಟಿಕೆಟ್ ದುಡ್ಡು ಇಲ್ಲ, ಆ ಉಳಿದ ದುಡ್ಡಿಗೆ ಸಮುದ್ರ ಕಾಣುವ ರೂಮು ಮಾಡಿ. ಬುತ್ತಿ ಕಟ್ಟಿಕೊಂಡು ಹೋಗಬೇಡಿ, ಮೂರು ದಿನ ನೀವು ಒಲೆ ಮುಟ್ಟಬಾರದು. ಅಲೆ ಜೋರಾಗಿದ್ದರೆ ಮಕ್ಕಳನ್ನು ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ. ಹಸುಗಳನ್ನು ನೋಡಿಕೊಳ್ಳೋಕೆ ಪಕ್ಕದ ಮನೆಯವರಿಗೆ ಈಗಲೇ ಹೇಳಿ, ನಿಮ್ಮ ಯಜಮಾನರು ಏನೇ ಅನ್ನಲಿ, ಅವರಿಗೂ ಸೇರಿಸಿ ರೂಮು ಬುಕ್ ಮಾಡಿ.