ಹರಕೆ ಬೇರೆ, ರೇಲಿಂಗ್ ಬೇರೆ

ಪ್ರಶ್ನೆ: ಕಾಸರಗೋಡಿನ ಬದಿಯಡ್ಕ ಕಡೆ ಚದರಡಿ ಲೆಕ್ಕದಲ್ಲಿ ಮನೆ ಕಟ್ಟಿಕೊಡುತ್ತೇನೆ. ಸೇಫ್ಟಿಗೆ ಖರ್ಚು ಮಾಡಿದರೆ ನನಗೆ ಉಳಿಯುವುದೇನು? ಏನಾದರೂ ಆದರೆ ತಾವೇ ಹೊಣೆ ಎಂದು ಕೆಲಸದವರಿಂದ ಮುದ್ರಾಪತ್ರಕ್ಕೆ (ಛಾಪಾ ಕಾಗದಕ್ಕೆ) ಸಹಿ ಹಾಕಿಸಿಕೊಂಡಿದ್ದೇನೆ.

ಉತ್ತರ: ಮಳೆ ಬಿಟ್ಟು ಕೆಲಸ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಆ ಮುದ್ರಾಪತ್ರಕ್ಕೆ ಕವಡೆ ಕಿಮ್ಮತ್ತಿಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡುವ ಕರಾರು ನಡೆಯುವುದಿಲ್ಲ, 1923ರ ಕಾರ್ಮಿಕರ ಪರಿಹಾರ ಕಾನೂನಿನಿಂದಲೂ ಹಾಗೆಯೇ. ಇಂಥ ಪತ್ರ ಬರೆದುಕೊಟ್ಟು ದುಡ್ಡು ಕೀಳುವವರನ್ನು ಹತ್ತಿರ ಸೇರಿಸಬೇಡಿ.

ಈಗ ಲೆಕ್ಕಕ್ಕೆ ಬನ್ನಿ. 30 ವರ್ಷದ ಮೇಸ್ತ್ರಿ ಬಿದ್ದು ಸತ್ತ ಅಂದುಕೊಳ್ಳಿ. ತಿಂಗಳ ಸಂಬಳ 15,000 ಎಂದೇ ಹಿಡಿಯಿರಿ. ಅದರ ಅರ್ಧ 7,500, ಕಾನೂನಿನ ಪಟ್ಟಿಯಲ್ಲಿ ಆ ವಯಸ್ಸಿಗೆ ಗುಣಕ 207.98. ಗುಣಿಸಿದರೆ ನೀವು ಕೊಡಬೇಕಾದ ಪರಿಹಾರ ಹದಿನೈದೂವರೆ ಲಕ್ಷ ದಾಟುತ್ತದೆ. ಬಂಗಾಳದ ಹುಡುಗರಿಗೆ ಕೇರಳ ಸರ್ಕಾರದ ಆವಾಜ್ ವಿಮೆ ಇದೆಯಲ್ಲ ಅಂತೀರಾ? ಅದರಲ್ಲಿ ಸಾವಿಗೆ ಇಟ್ಟದ್ದು 2 ಲಕ್ಷ. ನಿಮ್ಮ ಹೊಣೆ ಅದರಿಂದ ತೀರುವುದಿಲ್ಲ. ಉಳಿದ ಹುಡುಗರು ಹೆದರಿ ರೈಲು ಹತ್ತಿ, ಸ್ಲಾಬ್ ಹಾಕುವ ಮೊದಲೇ ಜೂನ್ ಬಂದರೆ ಆ ನಷ್ಟ ಬೇರೆ.

ನಿಮ್ಮ ಕಡೆಯ ಸಾರುವೆ ನೋಡಿದ್ದೇನೆ. ಅಡಿಕೆ ಮರದ ಕಂಬ, ಹಗ್ಗದ ಕಟ್ಟು, ಮೇಲೆ ಎರಡು ಹಲಗೆ. ಹಲಗೆಯ ತುದಿ ಆಧಾರ ಬಿಟ್ಟು ಹೊರಗೆ ಚಾಚಿರುತ್ತದೆ. ಕೆಂಪುಕಲ್ಲು ಎತ್ತಿಕೊಳ್ಳುವಾಗ ಆ ತುದಿಗೆ ಕಾಲಿಟ್ಟರೆ ಹಲಗೆ ಮಗುಚುತ್ತದೆ, ಅಷ್ಟೇ. ಕಬ್ಬಿಣದ ಸಾರುವೆ ಬಾಡಿಗೆಗೆ ತನ್ನಿ. ಹಲಗೆಯ ಎರಡೂ ತುದಿ ಬಿಗಿಯಿರಿ, ಸೊಂಟದೆತ್ತರಕ್ಕೆ ಅಡ್ಡಪೈಪು ಹಾಕಿ. ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು ಕಲ್ಲು ಕಟ್ಟುವವನಿಗಿಂತ ಧೈರ್ಯವಾಗಿ ನಿಂತವನು ಜಾಸ್ತಿ ಕಟ್ಟುತ್ತಾನೆ. ನಿಮ್ಮ ಲಾಭ ಅಲ್ಲಿದೆ. ಬಾಡಿಗೆಯನ್ನು ಕೊಟೇಶನ್ನಿನಲ್ಲೇ ಬೇರೆ ಸಾಲಾಗಿ ಬರೆಯಿರಿ. ಟೈಲ್ಸಿಗೆ ಕೇಳಿದಷ್ಟು ಕೊಡುವ ಮನೆಯವರು ಇದಕ್ಕೆ ಕೊಡಲ್ವಾ? ಕೆಲಸಗಾರರ ವಿಮೆ ಮಾಡಿಸಿ, ಪಾಯ ತೋಡುವ ಮೊದಲೇ.

ಪ್ರಶ್ನೆ: ನಮ್ಮ ಮಣ್ಣು ಗಟ್ಟಿ. ಸೆಪ್ಟಿಕ್ ಗುಂಡಿ ತೋಡುವಾಗ ಬದಿ ಕುಸಿಯದಂತೆ ಆಧಾರ ಬೇಕಾ?

ಉತ್ತರ: ಒಂದೂವರೆ ಮೀಟರ್ ದಾಟಿದರೆ ಬೇಕು. ಗಟ್ಟಿ ಇರುವುದು ಮೇಲಿನ ಮುರಕಲ್ಲು (ಕೆಂಪುಕಲ್ಲು). ಕೆಳಗಿನ ಶೇಡಿ, ಅಂದರೆ ಬಿಳಿ ಜೇಡಿ ಮಣ್ಣಿಗೆ ನೀರು ತಾಗಿದರೆ ಕುಸಿಯುತ್ತದೆ. ತೋಡಿದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಲೂ ಬೇಡಿ.

ಪ್ರಶ್ನೆ: ಗುಳಿಗ ದೈವಕ್ಕೆ ಹರಕೆ ಹೇಳಿದ್ದೇವೆ, ಸಾಲದೇ?

ಉತ್ತರ: ಹರಕೆ ತೀರಿಸಿ. ರೇಲಿಂಗ್ ಕಟ್ಟುವುದು ಗುಳಿಗನ ಕೆಲಸ ಅಲ್ಲ.

ಪ್ರಶ್ನೆ: ಬೈಕ್ ಹೆಲ್ಮೆಟ್ ಆಗುತ್ತದಾ?

ಉತ್ತರ: ಇಲ್ಲ.

ಪ್ರಶ್ನೆ: ಬಿದ್ದವನನ್ನು ಎಣ್ಣೆ ತಿಕ್ಕುವವರ ಹತ್ತಿರ ಒಯ್ದರೆ ಬೇಗ ವಾಸಿಯಂತೆ?

ಉತ್ತರ: ಬೆನ್ನುಮೂಳೆ ಮುರಿದಿದ್ದರೆ ಅವರು ತಿಕ್ಕಿ ತಿಕ್ಕಿ ಕಾಲನ್ನೇ ಕಳೆಯುತ್ತಾರೆ. ಕೈಕಾಲು ಹಿಡಿದು ಆಟೋಗೆ ತುಂಬಬೇಡಿ. ಬಿದ್ದಲ್ಲೇ ಅಲುಗಾಡದಂತೆ ಮಲಗಿಸಿ, 108ಕ್ಕೆ ಫೋನ್ ಮಾಡಿ.