ಲೆಡ್ಜರು ಬಿಡದ ಹಿರಿಯ ಗುಮಾಸ್ತರಿಗೆ ಮೆಮೊ ಕೊಡಲೇ?

ಪ್ರಶ್ನೆ: ನಾನು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ, ವಯಸ್ಸು 34. ಸಂಘದ ಲೆಕ್ಕವೆಲ್ಲ ಕಂಪ್ಯೂಟರಿಗೆ ಬರುತ್ತಿದೆ. ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಮಾತ್ರ ಲೆಡ್ಜರಿನಲ್ಲೇ ಬರೆಯುತ್ತಾರೆ; ಸಂಜೆ ಅದನ್ನು ನೋಡಿ ಬೇರೆಯವರು ಎಂಟ್ರಿ ಮಾಡಬೇಕು. ತರಬೇತಿಯಲ್ಲಿ ಕೇಳಿದ್ದನ್ನು ನೆನೆದು, 'ಬದಲಾವಣೆ ಅಂದರೆ ಮೆದುಳಿಗೆ ಭಯ ಸರ್' ಎಂದು ಎಲ್ಲರೆದುರು ಹೇಳಿದೆ. ಅಂದಿನಿಂದ ಮಾತು ಬಿಟ್ಟಿದ್ದಾರೆ. ಅಧ್ಯಕ್ಷರು ಮೆಮೊ ಕೊಡಿ ಎನ್ನುತ್ತಾರೆ.

ಉತ್ತರ: ಮೆಮೊ ಈಗ ಬೇಡ, ಮೆದುಳಿನ ಪಾಠವೂ ಬೇಡ. ನಾಲ್ಕು ಜನರೆದುರು 'ನಿಮಗೆ ಭಯ' ಅನ್ನಿಸಿಕೊಳ್ಳುವುದು ಯಾರಿಗಾದರೂ ಮುಖಭಂಗವೇ. ಆ ವಿಜ್ಞಾನ ನೀವು ಕೆಲಸ ಹಂಚುವ ರೀತಿಯಲ್ಲಿ ಕಂಡರೆ ಸಾಕು.

2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 45 ಮಂದಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಕಲ್ಲಿನಡಿ ಹಾವಿದ್ದರೆ ಕೈಗೆ ನೋಯುವಂಥ ಶಾಕ್. ಶಾಕ್ ಖಂಡಿತ ಎಂದು ಗೊತ್ತಿದ್ದಾಗಿನ ಒತ್ತಡಕ್ಕಿಂತ, ಹೊಡೆಯಲೂಬಹುದು ಬಿಡಲೂಬಹುದು ಎನ್ನುವಾಗಿನ ಒತ್ತಡವೇ ಹೆಚ್ಚಿತ್ತು.

ನಿಮ್ಮ ಗುಮಾಸ್ತರ ಹಾವು ತಪ್ಪು ಎಂಟ್ರಿ ಇರಬೇಕು. ಲೆಡ್ಜರಿನಲ್ಲಾದರೆ ಅಂಕಿಯ ಮೇಲೊಂದು ಗೆರೆ, ಪಕ್ಕದಲ್ಲಿ ಸರಿ ಅಂಕಿ, ಸಹಿ, ಮುಗಿಯಿತು. ಇಲ್ಲಿ 5,000ದ ಬದಲು 50,000 ಒತ್ತಿಬಿಟ್ಟರೆ? ಹಾಗಾಗಿ ಮೊದಲ ದಿನ ಎಂಟ್ರಿ ಕಲಿಸಬೇಡಿ, ತಿದ್ದುವುದನ್ನು ಕಲಿಸಿ. ಡಮ್ಮಿ ಖಾತೆಯಲ್ಲಿ ಬೇಕೆಂದೇ ತಪ್ಪು ವೋಚರ್ ಹಾಕಿ ಅವರ ಕೈಯಿಂದಲೇ ಸರಿಮಾಡಿಸಿ. ಡೇ ಎಂಡ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ದಿನದ ಲೆಕ್ಕ ಮುಚ್ಚುವುದಕ್ಕೆ, ಮುಂಚೆ ಯಾರು ತಿದ್ದಬಹುದು, ಆಮೇಲೆ ಯಾರ ಅನುಮತಿ ಬೇಕು ಎಂದು ಬರೆದು ಮೇಜಿಗೆ ಅಂಟಿಸಿ.

ನಂತರ ದಿನಕ್ಕೆ ಅರ್ಧ ಗಂಟೆ, ಕೌಂಟರ್ ತೆರೆಯುವ ಮುಂಚೆ. ಹೊಸ ಸಂಗತಿಗಳು ತಲೆಯಲ್ಲಿ ಒಮ್ಮೆಗೆ ನಿಲ್ಲುವುದು ನಾಲ್ಕರ ಆಸುಪಾಸು. ಮೊದಲ ವಾರ ಉಳಿತಾಯ ಖಾತೆಯ ಜಮಾ, ಪಾವತಿ ಅಷ್ಟೇ. ಬೆಳೆ ಸಾಲ, ಬಡ್ಡಿ ಆಮೇಲೆ. 'ಕೊಡಿ ಸರ್, ನಾನೇ ಮಾಡ್ತೀನಿ' ಎಂದು ಮೌಸ್ ಕಸಿದುಕೊಂಡಿರೋ, ಅಂದಿನ ಕಲಿಕೆ ಕೆಟ್ಟಿತು.

ಅವರಿಗೆ ಬಿದ್ದಿರುವ ಇನ್ನೊಂದು ಪೆಟ್ಟು ಸ್ಥಾನದ್ದು. ಹೊಗಳಿಕೆಯಿಂದ ಅದು ವಾಸಿಯಾಗದು. ಕಂಪ್ಯೂಟರಿಗೆ ಏರಿಸಿದ ಹಳೆಯ ಶಿಲ್ಕುಗಳನ್ನು ತಾಳೆ ನೋಡುವ ಹೊಣೆ ಅವರಿಗೆ ಕೊಡಿ. ಒಂದೇ ಹೆಸರು, ತಂದೆಯ ಹೆಸರೂ ಒಂದೇ ಇರುವ ಸದಸ್ಯರಲ್ಲಿ ಬಾಕಿ ಯಾರದ್ದು ಎಂದು ಬಲ್ಲವರು ಅವರೇ. ಇದು ಸಮಾಧಾನಕ್ಕೆ ಕೊಡುವ ಕೆಲಸವಲ್ಲ. ಇದಿಲ್ಲದೆ ನಿಮ್ಮ ಆಡಿಟ್ ನಿಲ್ಲುತ್ತದೆ.

ಎರಡೂ ಕಡೆ ಬರೆಯುವುದಕ್ಕೆ ಗಡುವು ಇರಲಿ. ಲೆಡ್ಜರ್ ತೆರೆದಿರುವಷ್ಟು ದಿನ ಕೈ ಅಲ್ಲಿಗೇ ಹೋಗುತ್ತದೆ. ಅಭ್ಯಾಸವನ್ನು ಹಿಡಿದಿಡುವ ಮೆದುಳಿನ ಭಾಗ, ಬೇಸಲ್ ಗ್ಯಾಂಗ್ಲಿಯಾ, ವಾದಕ್ಕೆ ಬಗ್ಗದು. ಉಳಿತಾಯದ ಶಿಲ್ಕು ಸತತ ಹತ್ತು ದಿನ ತಾಳೆಯಾದರೆ ಆ ಲೆಡ್ಜರ್ ಮುಚ್ಚಿ, ಮುಕ್ತಾಯದ ಸಹಿ ಅವರಿಂದಲೇ ಹಾಕಿಸಿ. ಆಮೇಲೆ ಮುಂದಿನ ಖಾತೆ. ವಸೂಲಿಯ ನೂಕುನುಗ್ಗಲಿರುವ ಮಾರ್ಚ್ ಕೊನೆಯಲ್ಲಿ ಮಾತ್ರ ಇದಕ್ಕೆ ಕೈಹಾಕಬೇಡಿ. ಅಧ್ಯಕ್ಷರಲ್ಲಿ ಮೂರು ತಿಂಗಳು ಕೇಳಿ: ಊಟದ ಜತೆ ನೀರು ಕುಡಿಯುವಂಥ ಸಣ್ಣ ರೂಢಿಗಳು ಮೈಗೂಡುವುದಕ್ಕೇ 2010ರ ಲಂಡನ್ ಅಧ್ಯಯನದಲ್ಲಿ ನಡುವಣ ಲೆಕ್ಕ 66 ದಿನ, ಕೆಲವರಿಗೆ ಇನ್ನೂ ಬಹಳ ಹೆಚ್ಚು.

ಗಡುವು ಮೀರಿಯೂ ಲೆಡ್ಜರ್ ತೆಗೆದರೆ, ಇಬ್ಬರೇ ಇರುವಾಗ 'ಸರ್, ಯಾವ ಸ್ಕ್ರೀನಿನಲ್ಲಿ ಕೈ ನಿಲ್ಲುತ್ತೆ?' ಎಂದು ಕೇಳಿ. ಅದಕ್ಕೂ ಮುಂಚೆ ಅಕ್ಷರದ ಗಾತ್ರ ದೊಡ್ಡದು ಮಾಡಿ, ಕನ್ನಡದ ಆಯ್ಕೆ ಇದ್ದರೆ ಹಾಕಿಕೊಡಿ. ಓದುವ ಕನ್ನಡಕದಲ್ಲಿ ಮಾನಿಟರ್ ಮಸುಕಾಗಿ ಕಾಣುತ್ತಿದ್ದರೆ ಮೆಮೊದಿಂದ ಏನೂ ಆಗದು.